ನಂದಿಬಟ್ಟಲಿನ ತಂಪು

ಗುಬ್ಬಿಯ ನಮ್ಮ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕಕ್ಕೆ, ಒಂದು ನಂದಿಬಟ್ಟಲು ಗಿಡವಿದೆ. ಬೆಳಿಗ್ಗೆ ಎದ್ದು ಹೋದರೆ ಬುಡದ ಒದ್ದೆ ಮಣ್ಣಿನ ಮೇಲೆ ಬಿಳಿಯ ಹೂವುಗಳು ಮುಖ ಮೇಲೆ ಮಾಡಿಕೊಂಡು ಬಿದ್ದಿರುತ್ತವೆ. ಈ ಹೂವಿಗೆ ಮಲ್ಲಿಗೆಯ ಬಿಂಕವಿಲ್ಲ, ಸಂಪಿಗೆಯ ಘಾಟಿಲ್ಲ. ಹೆಣ್ಣುಮಕ್ಕಳು ಇದಕ್ಕಾಗಿ ಜಗಳವಾಡುವುದಿಲ್ಲ, ಸಂತೆಯಲ್ಲಿ ಯಾರೂ ಇದನ್ನು ಮೊಳದ ಲೆಕ್ಕದಲ್ಲಿ ಮಾರುವುದಿಲ್ಲ. ದೇವರ ತಲೆಗೆ ಮತ್ತು ಮನುಷ್ಯರ ಕಣ್ಣಿಗೆ, ಇವೆರಡಕ್ಕೇ ಇದು ಹುಟ್ಟಿದ್ದೆಂದು ನಮ್ಮ ಕಡೆಯವರು ನಂಬಿದ್ದರು. ನಾನು ಮಾತ್ರ ಎಷ್ಟೋ ವರ್ಷ ಈ ಗಿಡದ ಕಡೆ ನೆಟ್ಟಗೆ ನೋಡಿದವಳಲ್ಲ. ಗಿಡದ ಮೇಲೆ ಮುನಿಸಿಕೊಂಡು ಬದುಕುವವಳೂ ಒಬ್ಬಳಿದ್ದಾಳೆಯೇ ಎಂದು ನೀವು ನಗಬಹುದು, ನಗಿ. ಮುನಿಸಿಕೊಳ್ಳಬೇಕಾದ ಮನುಷ್ಯರ ಮೇಲೆ ಮುನಿಸಿಕೊಳ್ಳಲಾಗದೆ ಹೋದಾಗ ಗಿಡವಾದರೂ ಬೇಕಲ್ಲ.

ಗಿಡ ನೆಟ್ಟವಳು ನನ್ನ ಅಜ್ಜಿ, ಅಪ್ಪನ ತಾಯಿ. ಹಾಗಲವಾಡಿಯಿಂದ ಸೊಸೆಯಾಗಿ ಬರುವಾಗ ತವರಿನ ಗಿಡದ ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳಂತೆ. ರಾಗಿ ಒಕ್ಕುವಾಗ ಕಣ್ಣಿಗೆ ಹೊಟ್ಟು ಬಿದ್ದವರು, ಒಲೆಯ ಹೊಗೆಗೆ ಕಣ್ಣು ಕೆಂಪಾದವರು, ಬಿಸಿಲಿನಲ್ಲಿ ತಿರುಗಿ ಕಣ್ಣುರಿ ತಂದುಕೊಂಡವರು, ಬೀದಿಯ ಅರ್ಧ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಸಂಜೆಯೇ ತಾಮ್ರದ ಬಟ್ಟಲಿನ ನೀರಿಗೆ ಹೂ ಹಾಕಿಟ್ಟು, ಬೆಳಿಗ್ಗೆ ಬಂದವರನ್ನು ಜಗಲಿಯ ಮೇಲೆ ಮಲಗಿಸಿ, ಮುಚ್ಚಿದ ರೆಪ್ಪೆಯ ಮೇಲೆ ಅಜ್ಜಿ ಒಂದೊಂದೇ ಹೂವಿಡುತ್ತಿದ್ದಳು. ಊರಿಗೆಲ್ಲ ಹೆಸರಾದ ಅವಳ ಬಿರುಸು ನಾಲಗೆ ಆ ಹೊತ್ತಿನಲ್ಲಿ ಸುಮ್ಮನಿರುತ್ತಿತ್ತು. ಒಂದು ಕೈ ಅವರ ಗಲ್ಲದ ಕೆಳಗೆ ಹೋಗಿ ಮುಖವನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿತ್ತು. ಆ ಜಗಲಿಯ ಮೇಲೆ ಒಮ್ಮೆಯೂ ಮಲಗದೆ ಉಳಿದವಳೆಂದರೆ ನನ್ನ ಅಮ್ಮ.

ಅಮ್ಮ ಕುಣಿಗಲಿನವಳು. ಕೆರೆಯ ಕೆಳಗಿನ ಗದ್ದೆ, ಎರಡು ಹೊತ್ತೂ ಅನ್ನ ಬೇಯುತ್ತಿದ್ದ ಮನೆ. ಇಲ್ಲಿಗೆ ಬಂದ ಹೊಸತರಲ್ಲಿ ಅವಳು ತಿರುವಿದ ಮುದ್ದೆಯಲ್ಲಿ ಗಂಟು ಉಳಿಯಿತಂತೆ. ಅಷ್ಟಕ್ಕೆ ಅಜ್ಜಿ ಹಿಡಿದ ಹಠ ಇಪ್ಪತ್ತು ವರ್ಷ ಬಿಡಲಿಲ್ಲ. "ಕೆರೆ ನೀರಿನ ಅನ್ನ ಉಂಡು ಬೆಳದೋಳಿಗೆ ರಾಗಿ ರುಚಿ ಎಲ್ಲಿಂದ ಗೊತ್ತಾಗ್ಬೇಕು ಬುಡು" ಎಂದು ಬಂದವರೆದುರಿಗೆಲ್ಲ ಅನ್ನುತ್ತಿದ್ದಳು. ಹೊಡೆದವಳಲ್ಲ, ಹಸಿವಿನಲ್ಲಿ ಇಟ್ಟವಳಲ್ಲ, ಸೊಸೆಯನ್ನು ಮುಟ್ಟಿ ಮಾತನಾಡಿಸಿದವಳೂ ಅಲ್ಲ. ಕಣ್ಣುರಿ ಬಂದರೆ ಅಮ್ಮ ಸೆರಗಿನ ತುದಿಗೆ ಬಾಯಿಯಿಂದ ಬಿಸಿಯೂದಿ ಒತ್ತಿಕೊಂಡು ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ನಾಲ್ಕು ಹೆಜ್ಜೆಯಾಚೆಯ ಜಗಲಿಯಲ್ಲಿ ಪಕ್ಕದ ಮನೆಯವಳ ರೆಪ್ಪೆಯ ಮೇಲೆ ನಮ್ಮದೇ ಗಿಡದ ಹೂವು ತಣ್ಣಗೆ ಕೂತಿರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಮ್ಮನ ಎರಡು ಕಣ್ಣಿಗೂ ಪೊರೆ ಬಂತು. ಬಲಗಣ್ಣಿನದು ಬಲಿತಿತ್ತು, ಎಡಗಣ್ಣಿನದು ಇನ್ನೂ ಎಳೆಯದು. ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿದಾಗ ಅಜ್ಜಿ ಎಂದಿನಂತೆ ಕುಣಿಗಲಿನ ಕೆರೆಯನ್ನು ಎಳೆದು ತಂದಳು. ಅಮ್ಮ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ ದಿನ ಮಾತ್ರ ಅಜ್ಜಿ ಸುಮ್ಮನಾದಳು. ತುಮಕೂರಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸವಲ್ಲ ಅದು. ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಕೆಮ್ಮಬೇಡ, ನಗಬೇಡ, ಅಲುಗಬೇಡ ಎಂದು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತನ್ನು ತಿರುಗಿ ತಿರುಗಿ ಹೇಳಿದರು. ಹೊಲಿಗೆ ಇನ್ನೂ ಹಸಿ ಇದೆ, ಕಣ್ಣಿಗೆ ಒಂದು ಹನಿ ನೀರೂ ಸೋಕಬಾರದು.

ಬಾಣಂತನಕ್ಕೆ ಕರೆಯುವ ಹಾಗೆ ಸೋದರಮಾವ ಕುಣಿಗಲಿನಿಂದ ಬಂದು, ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ, ವಾಸಿಯಾದ ಮೇಲೆ ಕಳಿಸುತ್ತೇನೆ ಎಂದ. ಎಲ್ಲರೂ ಒಪ್ಪಿದ್ದೆವು. ಅಜ್ಜಿ ಒಪ್ಪಲಿಲ್ಲ. "ನಮ್ಮನೆ ಸೊಸೆ ಕಣ್ಣು ನಾವ್ ನೋಡ್ಕಂತೀವಿ ಕಣಪ್ಪ. ನಮಗೇನು ಕೈಕಾಲು ಬಿದ್ದೋಗಿಲ್ಲ" ಅಂದಳು. ಅದು ಪ್ರತಿಷ್ಠೆಯ ಮಾತೋ ಅಕ್ಕರೆಯ ಮಾತೋ ಎಂದು ನಾನು ಆಮೇಲೆ ಬಹಳ ಸಲ ತೂಗಿ ನೋಡಿದ್ದೇನೆ. ಆ ದಿನ ಅಮ್ಮನ ಮುಖ ಮಾತ್ರ, ಅರ್ಧ ಬಟ್ಟೆಯಲ್ಲಿ ಮುಚ್ಚಿಹೋಗಿದ್ದರೂ, ಅರಳಿತ್ತು. ಅವಳು ತಮ್ಮನ ಜೊತೆ ಹೋಗಲಿಲ್ಲ.

ನಾನು ಆಗ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಹತ್ತಿ ಕುದಿಸುವುದು, ಔಷಧಿ ಹನಿಸುವುದು, ಕಣ್ಣಿನ ಮುಂದೆ ಹಸಿರು ಬಟ್ಟೆ ಇಳಿಬಿಡುವುದು ನನ್ನ ಪಾಲಿನ ಕೆಲಸ. ಎಲ್ಲ ನೆಟ್ಟಗೆ ನಡೆದಿತ್ತು. ಹೊಲಿಗೆ ಮಾಯುವಾಗಿನ ಉರಿ ಮಾತ್ರ ಅಮ್ಮನನ್ನು ಹಿಂಡುತ್ತಿತ್ತು; ಸದ್ದು ಮಾಡದೆ ಅಳುವುದು ಅವಳಿಗೆ ಅಭ್ಯಾಸ, ಈಗ ಅಳಲೂಬಾರದೆಂದು ಹೇಳಿದ್ದರಿಂದ ಹಾಸಿಗೆಯ ಅಂಚನ್ನು ಹಿಡಿದುಕೊಂಡು ಮಲಗಿರುತ್ತಿದ್ದಳು. ಒಂದು ಬೆಳಿಗ್ಗೆ ನಾನು ಕುದಿಸಿದ ಹತ್ತಿಯ ಪಾತ್ರೆ ಹಿಡಿದು ಒಳಗೆ ಬಂದೆ. ಅಜ್ಜಿ ಹಾಸಿಗೆಯ ಪಕ್ಕದಲ್ಲಿ ಬಾಗಿ ಕೂತಿದ್ದಳು. ಹಸಿರು ಬಟ್ಟೆ ಪಕ್ಕಕ್ಕೆ ಸರಿದಿತ್ತು. ನೆಲದ ಮೇಲೆ ತಾಮ್ರದ ಬಟ್ಟಲು. ಅಮ್ಮನ ಬಲಗಣ್ಣಿನ ಮೇಲೆ, ನೀರು ತೊಟ್ಟಿಕ್ಕುವ ಒಂದು ನಂದಿಬಟ್ಟಲು ಹೂವು.

"ಅಜ್ಜೀ! ನೀರು ತಾಗಿಸ್ಬಾರ್ದು ಅಂತ ಡಾಕ್ಟ್ರು ಬಡ್ಕೊಂಡ್ರಲ್ಲ!" ಎಂದು ಕೂಗಿಕೊಂಡೆ. ನನ್ನ ಗಂಟಲು ಮೊದಲಿನಿಂದಲೂ ದೊಡ್ಡದು.

"ಹೂವು ಕಣೇ ಇದು, ವಿಷ ಅಲ್ಲ. ಉರಿ ಉರಿ ಅಂತ ಒದ್ದಾಡ್ತವ್ಳೆ, ನೋಡ್ಕಂಡು ಕೂತಿರಕ್ಕಾಯ್ತದಾ?" ಅಂದಳು ಅಜ್ಜಿ. ಓಡಿಹೋಗಿ ಹೂವನ್ನು ಕಿತ್ತೆಸೆದು, ರೆಪ್ಪೆಯ ಅಂಚಿನಲ್ಲಿ ನಿಂತ ನೀರನ್ನು ಹತ್ತಿಯಿಂದ ಒತ್ತಿದೆ. ಹಾಸಿಗೆಯ ಅಂಚನ್ನು ಹಿಡಿದಿದ್ದ ಅಮ್ಮನ ಕೈ ಸಡಿಲವಾಗಿತ್ತು.

ಮಾರನೆಯ ದಿನಕ್ಕೆ ಕಣ್ಣು ಊದಿತು, ಅದರ ಮಾರನೆಯ ದಿನಕ್ಕೆ ಕೀವು ಕಟ್ಟಿತು. ಅಪ್ಪ ಸ್ಕೂಲಿಗೆ ರಜೆ ಹಾಕಿ ಬಾಡಿಗೆ ಕಾರು ತಂದರು. ಅಜ್ಜಿ ಯಾರೂ ಕರೆಯದೆ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ತುಮಕೂರಿನಲ್ಲಿ ಡಾಕ್ಟರು ರೆಪ್ಪೆ ಬಿಡಿಸಿ ನೋಡಿ, "ಇದಕ್ಕೆ ಏನು ಹಾಕಿದ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನನ್ನ ಮಣಿಕಟ್ಟನ್ನು ಅದುಮಿದಳು. "ಏನೂ ಹಾಕಿಲ್ಲ ಸಾರ್. ನಿದ್ದೆಗಣ್ಣಲ್ಲಿ ನಾನೇ ಉಜ್ಜಿಕೊಂಡುಬಿಟ್ಟೆ."

ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ ಎರಡು ಹೆಜ್ಜೆ ಮುಂದೆ ಬಂದಳು. "ಅವ್ಳಲ್ಲ ಸ್ವಾಮಿ. ನಾನು. ನೆನಸಿದ್ ಹೂವ ಇಟ್ಟಿದ್ದು ನಾನು. ಅವ್ಳು ಸುಳ್ಳು ಹೇಳ್ತವ್ಳೆ." ಅಷ್ಟು ಹೇಳಿ, ಏಟು ತಿನ್ನಲು ನಿಂತವರ ಹಾಗೆ ನಿಂತಳು. ಡಾಕ್ಟರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತೆಂದು ಈಗ ಅನ್ನಿಸುತ್ತದೆ.

ಸೂಜಿಮದ್ದು ಮುಗಿಸಿ ಮನೆಗೆ ಬಂದ ಮೇಲೆ ಗಂಟೆಗೊಂದು ಸಲ ಹನಿ ಹಾಕುವ ಕೆಲಸ ಶುರುವಾಯಿತು, ಅದನ್ನು ಅಜ್ಜಿ ನನ್ನ ಕೈಯಿಂದ ಕಿತ್ತುಕೊಂಡಳು. ಓದು ಬಾರದ ಅವಳು ಗೋಡೆಯ ಗಡಿಯಾರ ಹೊಡೆದಾಗಲೆಲ್ಲ ಎದ್ದು, ಸೋಪು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದು, ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಗಾಳಿಯಲ್ಲೇ ಆರಿಸಿಕೊಂಡು ಬರುತ್ತಿದ್ದಳು. ಹತ್ತಿ ಕುದಿಸುವ ಪಾತ್ರೆಯನ್ನು ಯಾರೂ ಮುಟ್ಟುವಂತಿರಲಿಲ್ಲ; ದೇವರ ಪಾತ್ರೆಗೂ ಅವಳು ಅಷ್ಟು ಮಡಿ ಮಾಡಿದವಳಲ್ಲ. ಆದರೆ ಈಗ ಅವಳ ಕೈ ಬೆದರಿತ್ತು. ಗಲ್ಲವನ್ನು ಮುಟ್ಟದೆ, ಎಷ್ಟು ದೂರದಿಂದ ಸಾಧ್ಯವೋ ಅಷ್ಟು ದೂರದಿಂದ ಹನಿ ಬಿಡುತ್ತಿದ್ದಳು. "ಮೇಲ್ ನೋಡು ಗೌರಿ" ಅನ್ನುತ್ತಿದ್ದಳು. ಅಮ್ಮನ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಮೊದಲು ಕೇಳಿದ್ದು ಆಗಲೇ.

ಕಣ್ಣುಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎನ್ನುವಷ್ಟು ಬೆಳಕು ಕೆಲವು ತಿಂಗಳಿತ್ತು, ಆಮೇಲೆ ಅದೂ ಹೋಯಿತು. ಸೋದರಮಾವ ಬಂದು ಜಗಲಿಯಲ್ಲೇ ನಿಂತು, "ನಮ್ಮನೆಗೆ ಕಳಿಸಿದ್ರೆ ನಮ್ಮಕ್ಕನ ಕಣ್ಣು ಇರ್ತಿತ್ತು" ಎಂದಾಗ ಅಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, "ಸಾಕು ಸುಮ್ನಿರೋ, ಅತ್ತೆ ಊಟ ಮಾಡ್ತಾ ಇದಾರೆ" ಅಂದಳು. ಅಜ್ಜಿ ಆಗಲೇ ತಟ್ಟೆಯ ಮುಂದಿನಿಂದ ಎದ್ದಾಗಿತ್ತು. ಅಂದು ಮಧ್ಯಾಹ್ನವೇ ಕೊಡಲಿ ತೆಗೆದುಕೊಂಡು ಗಿಡದ ಹತ್ತಿರ ಹೋದಳು. ಮೊದಲ ಏಟಿನ ಸದ್ದಿಗೆ ಅಮ್ಮ ಹಿತ್ತಿಲಿಗೆ ಹೋಗಿ, ಬುಡವನ್ನು ತಡವಿ ಹುಡುಕಿ, ಅದಕ್ಕೆ ಒರಗಿ ನಿಂತಳು. ಕೊಡಲಿ ಕೆಳಗಿಳಿಯಿತು. ಗಿಡ ಉಳಿಯಿತು, ಆದರೆ ಸಾಯುವವರೆಗೂ ಅಜ್ಜಿ ಆ ಗಿಡದ ಹೂವನ್ನು ದೇವರಿಗೂ ಇಡಲಿಲ್ಲ, ಯಾರ ಕಣ್ಣಿಗೂ ಇಡಲಿಲ್ಲ. ಬೀದಿಯವರು ಬಂದರೆ, "ಡಾಕ್ಟ್ರತ್ರ ಹೋಗ್ರಪ್ಪ" ಎಂದು ಒಳಗೆ ಹೋಗುತ್ತಿದ್ದಳು. ಎಡಗಣ್ಣಿನ ಮಂಜಿನಲ್ಲೇ ಅಮ್ಮ, ಅವಳ ಎದುರಿಗೇ ಅಜ್ಜಿ, ಇಬ್ಬರೂ ಒಟ್ಟಿಗೆ ಅಕ್ಕಿ ಆರಿಸುತ್ತ ಕೆಲವು ವರ್ಷ ಕಳೆದರು. ನನಗೆ ಮಾತ್ರ ಅಜ್ಜಿಯ ಮೇಲಿನ ಸಿಟ್ಟು ಆರಲಿಲ್ಲ. ಅಷ್ಟು ಬೆಂದವಳ ಮೇಲೆ ಸಿಟ್ಟನ್ನು ತೋರಿಸುವುದೂ ಆಗಲಿಲ್ಲ. ಅದು ಗಿಡದ ಮೇಲೆ ಹೋಗಿ ಕೂತಿತು.

ಅಜ್ಜಿ ತೀರಿಕೊಂಡ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಅಮ್ಮ ಎಡಗಣ್ಣಿನ ಆಪರೇಷನ್ನಿಗೆ ಒಪ್ಪಿದಳು. ಅದು ಸಾಂಗವಾಗಿ ಆಯಿತು. ಸೋಡಾಬುಡ್ಡಿ ಕನ್ನಡಕ ಬಂತು. ಅದನ್ನು ಹಾಕಿಕೊಂಡರೆ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತಂತೆ. ಲೋಟದ ಪಕ್ಕಕ್ಕೆ ಕಾಫಿ ಸುರಿದು ತಾನೇ ನಗುತ್ತಿದ್ದಳು. ಒಂದು ದಿನ ಗೋಡೆಯ ಮೇಲಿದ್ದ ಅಜ್ಜಿಯ ಫೋಟೋವನ್ನು ಇಳಿಸಿಕೊಡೆಂದಳು. ಅಜ್ಜಿ ಬದುಕಿನಲ್ಲಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇದ್ರಲ್ಲಿ ಬೈಯೋ ಮುಖನೇ ಇದೆ" ಅಂದಳು. ಫೋಟೋವನ್ನು ಕನ್ನಡಕದ ಹತ್ತಿರಕ್ಕೆ ತಂದುಕೊಂಡು ಮುಂದುವರಿಸಿದಳು: "ಅವತ್ತು ಹೂವಿಡಕ್ಕೆ ಬಂದಾಗ ಬೇಡ ಅತ್ತೆ ಅನ್ನೋದು ಬಾಯಿತನಕ ಬಂದಿತ್ತು ಕಣೇ. ಡಾಕ್ಟ್ರು ಹೇಳಿದ್ದು ನಾನು ಮರ್ತಿರ್ಲಿಲ್ಲ. ಅಷ್ಟರಲ್ಲಿ ಅವರು ನನ್ನ ಗಲ್ಲದ ಕೆಳಗೆ ಕೈ ಇಟ್ರು. ಈ ಮನೆಗೆ ಬಂದಾಗಿಂದ ಆ ಕೈ ನನ್ನ ಮುಟ್ಟಿರ್ಲಿಲ್ಲ. ಬೇಡ ಅಂದ್ರೆ ತೆಗೆದುಬಿಡ್ತಾರೆ ಅಂತ ಸುಮ್ನಾದೆ."

ಒಂದು ಕಣ್ಣನ್ನು ಕೊಟ್ಟು ಪಡೆಯುವಂಥದ್ದೇನಿತ್ತು ಆ ಒರಟು ಕೈಯಲ್ಲಿ ಎಂದು ಕೇಳಬೇಕೆನ್ನಿಸಿತು. ಅಮ್ಮನ ಮುಖ ನೋಡಿ ಕೇಳಲಿಲ್ಲ. ದಪ್ಪ ಗಾಜಿನ ಹಿಂದೆ ಅವಳ ಕಣ್ಣು ಬಹಳ ದೊಡ್ಡದಾಗಿ ಕಾಣುತ್ತಿತ್ತು.

"ನಾನು ಕಣ್ಣು ಮುಚ್ಚಿದ್ದೆ. ನೀನು ಬಂದೆಯಲ್ಲ ಆಗ, ನೋಡಿದ್ಯಲ್ಲ," ಎಂದು ಅವಳು ನನ್ನ ಕಡೆ ತಿರುಗಿದಳು, "ಆಗ ಅವರ ಮುಖ ಹೆಂಗಿತ್ತೇ?"

ಸ್ನೇಹಿತರೇ, ನನಗೆ ಬಟ್ಟಲು ನೆನಪಿದೆ. ಅದರ ಅಂಚಿನ ಸೊಟ್ಟ ನೆನಪಿದೆ. ಹೂವಿನ ಎಸಳಿನಿಂದ ಅಮ್ಮನ ಕಿವಿಯ ಕಡೆಗೆ ಇಳಿದ ನೀರಿನ ಗೆರೆ ನೆನಪಿದೆ. ಮುಖ ನೆನಪಿಲ್ಲ. ನಾನು ನೋಡಿದ್ದು ಹೂವನ್ನು ಮಾತ್ರ. ಎರಡೂ ಕಣ್ಣು ನೆಟ್ಟಗಿದ್ದ ನಾನು, ಆ ಮುಖ ಅಷ್ಟು ಹತ್ತಿರವಿದ್ದರೂ, ಅದರ ಕಡೆ ತಿರುಗಲೇ ಇಲ್ಲ.

"ಚೆನ್ನಾಗಿತ್ತಮ್ಮ" ಅಂದೆ.

ಅಮ್ಮ ತಲೆಯಾಡಿಸಿ, ಫೋಟೋದ ಗಾಜನ್ನು ಸೆರಗಿನಿಂದ ಒರೆಸಿ, ಇದ್ದಲ್ಲೇ ತೂಗುಹಾಕು ಎಂದು ಕೊಟ್ಟಳು. ನಂಬಿದಳೋ ಇಲ್ಲವೋ ತಿಳಿಯದು. ಮತ್ತೆ ಆ ಮಾತೆತ್ತಲಿಲ್ಲ.

ಈಗ ಅಮ್ಮನೂ ಇಲ್ಲ. ಬುಡದಲ್ಲಿ ಕೊಡಲಿಯ ಗಾಯ ಹೊತ್ತುಕೊಂಡೇ ಗಿಡ ದಪ್ಪವಾಗಿದೆ. ಅದರ ಮೇಲಿನ ನನ್ನ ಮುನಿಸು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಬೆಳಿಗ್ಗೆ ಬಾವಿಕಟ್ಟೆಗೆ ಹೋದಾಗ ಕೆಲವೊಮ್ಮೆ ಇಬ್ಬನಿಯಲ್ಲಿ ನೆನೆದ ಹೂವೊಂದನ್ನು ಆರಿಸಿ, ಕಟ್ಟೆಯ ಮೇಲೆ ತಲೆ ಹಿಂದಕ್ಕೆ ಒರಗಿಸಿ ಕೂತು, ರೆಪ್ಪೆಯ ಮೇಲೆ ಇಟ್ಟುಕೊಳ್ಳುತ್ತೇನೆ. ತಂಪಾಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಗಲ್ಲದ ಕೆಳಗೆ ನನ್ನ ಕೈಯನ್ನೇ ಇಟ್ಟುಕೊಂಡು, ಮೇಲೆ ಬಾಗಿದ ಆ ಮುಖವನ್ನು ನೋಡಲು ಪ್ರಯತ್ನಿಸುತ್ತೇನೆ. ಕಾಣುವುದಿಲ್ಲ. ಹೂವು ಬೆಚ್ಚಗಾಗುವವರೆಗೆ ಹಾಗೇ ಕೂತಿರುತ್ತೇನೆ.