ಬೇಡಮ್ಮ ಹೋಗುತ್ತಿದ್ದ ಮನೆ

ಹಾಲು ಬೇಡ, ಮೊಟ್ಟೆ ಬೇಡ, ಬೇಳೆ ಬೇಡ. ಆಸ್ಪತ್ರೆಯ ಪರವಾಗಿ ಬಸುರಿಯರ ಮನೆಗಳಿಗೆ ಹೋಗಿ ಇದನ್ನೇ ಹೇಳಿ ಹೇಳಿ ಅವಳಿಗೆ ಬೇಡಮ್ಮ ಎಂಬ ಹೆಸರು ಬಿತ್ತು. ಇಟ್ಟವಳು ನಾನೇ. ಜೊತೆಗೆ ಹೋಗಿ ರಕ್ತ ತೆಗೆಯುವುದು ನನ್ನ ಕೆಲಸ. ನಾನು ಸೂಜಿಯಲ್ಲಿ ಚುಚ್ಚಿದರೆ ಅವಳು ಮಾತಿನಲ್ಲಿ ಚುಚ್ಚುತ್ತಿದ್ದಳು. ಮನೆಯವರು ಯಾಕೆಂದು ಕೇಳಿದರೆ ಬೇಡ ಅಂದರೆ ಬೇಡ, ಅಷ್ಟೇ. ಬಿಡಿಸಿ ಹೇಳುವ ತಾಳ್ಮೆ ಅವಳಿಗಿರಲಿಲ್ಲ.

ನಾವು ನೋಡುತ್ತಿದ್ದವರೆಲ್ಲ ಹುಟ್ಟಿನಿಂದ ಒಂದು ಕಾಯಿಲೆ ಇರುವ ಹೆಂಗಸರು. ಹಾಲು, ಮೊಟ್ಟೆ, ಬೇಳೆಯಲ್ಲಿರುವ ಪ್ರೋಟೀನಿನ ಒಂದು ಅಂಶ ಅವರ ಮೈಯಲ್ಲಿ ಕರಗದೆ ರಕ್ತದಲ್ಲೇ ಉಳಿಯುತ್ತದೆ. ಬಸಿರಿನಲ್ಲಿ ಅದು ಹೆಚ್ಚಾದರೆ ತಾಯಿ ನೆಟ್ಟಗೇ ಇರುತ್ತಾಳೆ, ಕೂಸಿನ ಮಿದುಳು ಹಾಳಾಗುತ್ತದೆ. ಅದಕ್ಕೇ ಆ ಅಂಶ ತೆಗೆದ ಪ್ರೋಟೀನಿನ ಬಿಳಿ ಪುಡಿಯೊಂದನ್ನು ಕೊಡುತ್ತೇವೆ. ನೀರಲ್ಲಿ ಕಲಸಿ ಮೂಗು ಮುಚ್ಚಿಕೊಂಡು ಕುಡಿಯಬೇಕು, ಅಷ್ಟು ನಾತ.

ಬೇಡಮ್ಮನ ಮಗಳಿಗೂ ಇದೇ ಕಾಯಿಲೆ. ಚಿಕ್ಕವಳಿದ್ದಾಗ ತುಟಿಗೆ ಕೆನೆ ಮೆತ್ತಿಕೊಂಡೇ, ಏನೂ ತಿಂದಿಲ್ಲ ಎಂದು ಆಣೆ ಇಡುತ್ತಿದ್ದಳಂತೆ. ಆ ಸುಳ್ಳುಗಳನ್ನು ಹಿಡಿದೂ ಹಿಡಿದೂ ಮಗಳನ್ನು ದಡ ಸೇರಿಸಿದಳು. ಹುಡುಗಿ ಈಗ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಆದರೆ ಈ ಕಾಯಿಲೆಯವರ ಬಾಯಲ್ಲಿ ನಿಜ ಬರುವುದಿಲ್ಲ ಎಂಬುದು ಬೇಡಮ್ಮನ ತಲೆಯಲ್ಲಿ ಕೂತುಬಿಟ್ಟಿತು.

ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಹೊಲಿಗೆಯವಳೊಬ್ಬಳಿದ್ದಳು. ಚೊಚ್ಚಲ ಬಸುರಿ. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವವನು. ಮನೆಯಲ್ಲಿ ಅತ್ತೆ. ಅಂಥ ಅತ್ತೆಯನ್ನು ನಾನು ಕಂಡಿಲ್ಲ. ಸೊಸೆಯ ಕಾಲು ಒತ್ತುವವಳು, ಅನ್ನ ತರಕಾರಿ ತೂಗಿ ಬಡಿಸುವವಳು, ಬೆಳಗ್ಗೆ ಪುಡಿ ಕಲಸಿ ಕೈಗೆ ಕೊಡುವವಳು ಆಕೆಯೇ.

ಆದರೂ ರಕ್ತದಲ್ಲಿ ಆ ಅಂಶ ಏರುತ್ತಲೇ ಹೋಯಿತು. ಬೇಡಮ್ಮ ಕೆಂಡಾಮಂಡಲವಾದಳು. ಪಾತ್ರೆ ಮೂಸಿದಳು, ಹೊಲಿಗೆ ಯಂತ್ರದ ಡ್ರಾಯರ್ ಎಳೆದಳು, ಬಟ್ಟೆ ಚೂರಿನ ಚೀಲ ಸುರಿದಳು. ಸಿಕ್ಕಿದ್ದು ದಾರದ ಉಂಡೆ. ಕೊಟ್ಟದ್ದು ಬಿಟ್ಟು ಏನೂ ಮುಟ್ಟಿಲ್ಲ ಎಂದು ಸೊಸೆ ಅತ್ತಳು.

"ರಕ್ತ ಸುಳ್ಳು ಹೇಳಲ್ಲ ಕಣೇ," ಎಂದಳು ಬೇಡಮ್ಮ. "ಹೊಟ್ಟೇಲಿರೋ ಮಗೂಗಿಂತ ನಾಲಿಗೆ ಚಪಲಾನೇ ಹೆಚ್ಚಾಯ್ತಾ ನಿಂಗೆ?"

ಫೋನಿನಲ್ಲಿ ಗಂಡನಿಗೂ ದೂರು ಹೋಯಿತು. ಬಂದವನು ಹೆಂಡತಿಗೆ ಹೊಡೆದ. ಹೊರಗೆ ಕಳಿಸಬಾರದೆಂದು ತಾಯಿಗೆ ಹೇಳಿ ಹೋದ. ಅಂಶ ಮತ್ತೂ ಏರಿತು. ಆಸ್ಪತ್ರೆಗೆ ಸೇರಿಸುವ ಮಾತು ಬಂದಾಗ ತಡೆದವಳು ಬೇಡಮ್ಮನೇ. ಅಲ್ಲಾದರೆ ಕದ್ದು ತರಿಸಿಕೊಳ್ಳುತ್ತಾಳೆ, ಇಲ್ಲಿ ಅತ್ತೆಯ ಕಣ್ಣಿದೆ ಎಂದಳು. ಅವಳ ಅನುಭವಕ್ಕೆ ವೈದ್ಯರೂ ತಲೆದೂಗಿದರು.

ಹೆಣ್ಣು ಮಗು ಹುಟ್ಟಿತು. ತಲೆ ತೀರಾ ಚಿಕ್ಕದು. ಮುಂದೆ ಮಾತು ಬರುವುದೂ ಅನುಮಾನ ಎಂದರು.

ನಾವು ನೋಡಲು ಹೋದಾಗ ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಬೇಡಮ್ಮನನ್ನು ಕಂಡದ್ದೇ ಆಕೆಗೆ ಸಿಟ್ಟು ಬಂತು.

"ಸರಿಯಾಗಿ ಊಟ ಹಾಕೋಕೆ ಬಿಡದೆ ಮಗೂನ ಹೀಗೆ ಮಾಡಿದ್ರಿ. ನಾನು ದಿನಾ ಆ ಪುಡಿಗೆ ಹಾಲಿನ ಪುಡಿ ಬೆರೆಸಿ ಕುಡಿಸ್ದೆ, ಅದಕ್ಕೇ ಇಷ್ಟಾದ್ರೂ ಉಳೀತು."

ಅಂಶ ಏರಿದ್ದು ಯಾಕೆಂದು ಬೇಡಮ್ಮನಿಗೆ ಆಗ ತಿಳಿಯಿತು. ಅವಳ ಮೇಲೆ ನನಗೆ ಕನಿಕರ ಬರಲಿಲ್ಲ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆಯ ಹತ್ತಿರ ಹೋಗಿ, ತಪ್ಪಾಯಿತು ಎಂದು ಕೈ ಹಿಡಿದಳು. ಮುದುಕಿಗೆ ತಿಳಿದರೆ ಜೀವ ಬಿಡುತ್ತಾಳೆ, ನಮ್ಮಲ್ಲೇ ಇರಲಿ ಎಂದು ಪಿಸುಗುಟ್ಟಿದಳು.

ಸೊಸೆ ಕೈ ಬಿಡಿಸಿಕೊಂಡಳು. "ತಪ್ಪು ನಂದು ಅಂತ ಎಲ್ಲರ ಮುಂದೆ ಹೇಳಿದ್ರಲ್ಲ, ಅತ್ತೆಗೂ ಹೇಳಿ. ಈಗ್ಲೇ. ನಾನು ಕೇಳಿಸ್ಕೋಬೇಕು."

ಬೇಡಮ್ಮ ಹೇಳಿದಳು. ಬಸುರಿಗೆ ಹಾಲು ಕೇಡು ಮಾಡುವುದುಂಟೇ ಎಂದು ಅತ್ತೆ ನಕ್ಕಳು. ಬಿಡಿಸಿ ಬಿಡಿಸಿ ಹೇಳಿದಾಗ ತಟ್ಟುತ್ತಿದ್ದ ಕೈ ನಿಂತಿತು. ಎದ್ದು ಮಗುವನ್ನು ಸೊಸೆಯ ಕಡೆ ಚಾಚಿದಳು.

"ನೀವೇ ಸಾಕಿ, ಅತ್ತೆ," ಎಂದು ಸೊಸೆ ಅರ್ಧ ಹೊಲಿದ ರವಿಕೆಯ ತೋಳನ್ನು ಸೂಜಿಯ ಕೆಳಗೆ ಸರಿಸಿದಳು.