ಬಾಗಿಲು ಬಡಿಯುವ ಅಕ್ಕ

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಹಿಂದೆ ಯಾವಾಗಲೋ ಹೊಲಿಗೆ ಮೆಷಿನ್ನಿನ ಸೂಜಿ ಅದರಲ್ಲಿ ಹಾದುಹೋಗಿತ್ತಂತೆ. ಆ ಬೆರಳನ್ನು ಮಡಿಸಿ ಅವಳು ಬಾಗಿಲು ಬಡಿದರೆ ಸತ್ತವರೂ ಏಳಬೇಕು.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಅವಳು ನಮ್ಮ ಲೈನಿನ ಸೂಪರ್‌ವೈಸರ್. ನಾನು ಬಟ್ಟೆಯ ದಾರ ಕತ್ತರಿಸುವವಳು. ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ, ನನಗೂ ಅಕ್ಕ. ವಿಜಾಪುರದ ಕಡೆಯಿಂದ ಬಂದು ನಾಗಸಂದ್ರದ ಒಂದು ರೂಮಿನಲ್ಲಿ ಒಬ್ಬಳೇ ಇದ್ದಳು. ಯಾರಾದರೂ ಕೆಲಸಕ್ಕೆ ಬರದಿದ್ದರೆ ಸಂಜೆ ಇಬ್ಬರನ್ನು ಅವರ ಮನೆಗೆ ಅಟ್ಟುತ್ತಿದ್ದಳು, ಇಲ್ಲವೆ ತಾನೇ ಹೋಗುತ್ತಿದ್ದಳು.

"ಬಾಗಿಲಾ ಬಡೀರಿ. ಆರಾಮಿದ್ರ ಬೈದು ಬರ್ರಿ, ಇಲ್ಲಂದ್ರ ಜೋಡಿ ಕುಂತು ಬರ್ರಿ."

ಒಮ್ಮೆ ನಾನು ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ. ಬಾಗಿಲು ಬಡಿದ ಸದ್ದಿಗೇ ಯಾರೆಂದು ತಿಳಿಯಿತು. ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ಬಾಗಿಲು ತೆರೆದೆ.

"ಏ ಆಯಿ, ಜ್ವರಕ್ಕ ಭಾರೀ ಔಷಧ ಹಿಡದೀ ನೋಡು! ನನಗೂ ಎರಡು ಹಾಕು, ಮೈ ಬಿಸಿ ಆಗೇತಿ."

ಆಮೇಲೆ ಫೋನಿನಲ್ಲಿ ಗ್ರೂಪ್ ಬಂತು. "ಇನ್ಮೇಲೆ ರಜಾ ಅಂದ್ರೆ ಗ್ರೂಪಲ್ಲಿ ಹಾಕಿ. ಮನೆಮನೆ ಸುತ್ತೋದೆಲ್ಲ ಬೇಡ," ಎಂದರು ಮ್ಯಾನೇಜರು. ಅಕ್ಕ ಮುಖ ಸಣ್ಣದು ಮಾಡಿಕೊಂಡಳು. ನನಗೆ ಮಾತ್ರ ಖುಷಿ, ಇನ್ನು ಹೋಳಿಗೆ ಹಿಡಿಯುವವರಿಲ್ಲ! ಆಗ ನನಗೆ ಅಕ್ಷರ ಒತ್ತಲು ಬರುತ್ತಿರಲಿಲ್ಲ. ಹೆಬ್ಬೆರಳೆತ್ತಿದ ಚಿತ್ರ ಕಳಿಸುವುದನ್ನು ಮೊಮ್ಮಗಳು ಕಲಿಸಿದ್ದಳು. ಯಾರು ಏನೇ ಹಾಕಲಿ, ಮೊದಲ ಹೆಬ್ಬೆರಳು ನನ್ನದೇ ಆಗಬೇಕೆಂಬ ಚಪಲ.

ಒಂದು ಸೋಮವಾರ ಅಕ್ಕನೇ ಹಾಕಿದಳು: "ಮೈಯಾಗ ಆರಾಮಿಲ್ಲ. ಇವತ್ತ ಬರಂಗಿಲ್ಲ."

ಬಸ್ಸಿನಲ್ಲಿ ನಿಂತೇ ಒತ್ತಿದೆ. ನನ್ನ ಹಿಂದೆ ಇಡೀ ಲೈನು ಒತ್ತಿತು. ಮಂಗಳವಾರ ಅವಳದು ಅದೇ ಮಾತು, ನಮ್ಮದು ಅದೇ ಚಿತ್ರ. ಬುಧವಾರ ಅವಳಿಂದ ಏನೂ ಬರಲಿಲ್ಲ. "ಹೇಳಿದಾರಲ್ಲ ಬಿಡಿ ಅಜ್ಜಿ, ಹುಷಾರಿಲ್ಲ ಅಂತ," ಎಂದಳು ಪಕ್ಕದವಳು. ನಾನೂ ಬಿಟ್ಟೆ. ಅವಳ ರೂಮು ನಮ್ಮ ಫ್ಯಾಕ್ಟರಿ ಗೇಟಿನಿಂದ ಹದಿನೈದು ನಿಮಿಷದ ನಡಿಗೆ.

ಗುರುವಾರ ಮನೆ ಓನರಮ್ಮ ಆಫೀಸಿಗೆ ಫೋನ್ ಮಾಡಿದರು. ನಾವೆಲ್ಲ ಓಡಿದೆವು. ಅಕ್ಕನನ್ನು ಅಂಗಳದಲ್ಲಿ ಮಲಗಿಸಿ ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು.

"ಡಾಕ್ಟ್ರತ್ರ ಹೋಗಣ ಬಾ ಅಂತ ಎರಡು ದಿನ ಕರದೆ ಕಣ್ರೀ," ಎಂದರು ಆಕೆ. "'ಬ್ಯಾಡ್ರಿ, ಸಂಜೀಗೆ ನಮ್ಮ ಲೈನಿನವ್ರು ಬರ್ತಾರ, ಅವ್ರ ಜೋಡಿ ಹೋಗ್ತೀನಿ' ಅಂದ್ಳು. ಬಾಗಿಲಿಗೆ ಚಿಲಕಾನೂ ಹಾಕಿರ್ಲಿಲ್ಲ."



ಆ ಸೋಮವಾರದ ಮಾತು ಈಗಲೂ ನನ್ನ ಫೋನಿನಲ್ಲಿದೆ. ಅದರ ಕೆಳಗೆ ಮೊದಲ ಹೆಬ್ಬೆರಳು ನನ್ನದೇ.

ಈಗ ಅಕ್ಷರವೂ ಒತ್ತಲು ಕಲಿತಿದ್ದೇನೆ, ಇದನ್ನೆಲ್ಲ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಕೆಲಸ ಬಿಟ್ಟರೂ ಗ್ರೂಪು ಬಿಟ್ಟಿಲ್ಲ. ಯಾರಾದರೂ ಹುಷಾರಿಲ್ಲ, ಬರಲ್ಲ ಎಂದು ಹಾಕಿದರೆ ಫೋನನ್ನು ಕೆಳಗಿಟ್ಟು ಚಪ್ಪಲಿ ಮೆಟ್ಟುತ್ತೇನೆ.