ಪತ್ತನಾಜೆಯೊಳಗೆ ಬಿಚ್ಚಬೇಕಾದ ಕಟ್ಟ

ಅಜ್ಜಾವರದ ಮಾನ್ಯ ಐತ್ತಪ್ಪಣ್ಣನವರಿಗೆ, ನರಿಮೊಗರಿನಿಂದ ಶೀನಪ್ಪನ ವಿನಂತಿ.

ವಿಷಯ: ನಿಮ್ಮ ಮಾತನ್ನು ನಾನು ಅರ್ಧಕ್ಕೆ ಕತ್ತರಿಸಿದ ಬಗ್ಗೆ.

ಟೈಪು ಮಾಡಿ ಅಭ್ಯಾಸವಾದ ಕೈ. ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು — ಅದಕ್ಕೆ ಮೊದಲಾಗಿ ಕ್ಷಮೆ ಕೋರುತ್ತೇನೆ. ಮೇಲ್ಕಾಣಿಸಿದ ವಿಷಯಕ್ಕೆ ಕ್ಷಮೆ ಕೋರುವ ಅರ್ಹತೆ ನನಗಿಲ್ಲ. ತಿಳಿದೇ ಕತ್ತರಿಸಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವಿದೇಶಿ ಸರ್ಕಾರದವರು ಬೇಸಿಗೆಯಲ್ಲಿ ನೀರು ನಿಲ್ಲಿಸಲು ತೋಡಿಗೆ ಅಡ್ಡಲಾಗಿ ನೀವು ಹಾಕುವ ಕಲ್ಲುಮಣ್ಣಿನ ಕಟ್ಟವನ್ನು ನೋಡಲು ಬಂದದ್ದು ನಿಮಗೆ ನೆನಪಿರಬಹುದು. ಆಫ್ರಿಕಾದ ದೇಶಗಳಿಗೆ ಯಾವ ರೀತಿಯ ನೆರವು ನೀಡಬೇಕೆಂಬ ಯೋಜನೆಗೆ ಅವರು ಮಾದರಿ ಹುಡುಕುತ್ತಿದ್ದರು. ಆ ಖಂಡದವರೇ ಆದ ಕೃಷಿ ಶಿಕ್ಷಕರೊಬ್ಬರು ಸಂಗಡ ಇದ್ದರು. ಅವರೊಬ್ಬರೇ ಬೂಟು ಕಳಚಿ ತೋಡಿಗಿಳಿದು ನಿಮ್ಮೊಡನೆ ಕಲ್ಲು ಹೊತ್ತರು. ಉಳಿದವರು ದಂಡೆಯಲ್ಲೇ ನಿಂತು ಫೋಟೋ ತೆಗೆಯುತ್ತಿದ್ದಾಗ, "ಇವರಿಗೆ ನೀರು ಬೇಡ ಮಾರಾಯ, ನೀರಿನ ಪಟ ಸಾಕು" ಎಂದು ನೀವು ಎಲ್ಲರನ್ನೂ ನಗಿಸಿದಿರಿ.

ನಾನು ದುಭಾಷಿ. ಸುಳ್ಯದ ಕಚೇರಿಯ ಹಂಗಾಮಿ ಟೈಪಿಸ್ಟ್. ಜೀಪಿನಲ್ಲಿ ಬರುವಾಗಲೇ ನಮ್ಮ ಸಾಹೇಬರು ಹೇಳಿದ್ದರು: "ವರ್ಷ ವರ್ಷ ಬಿಚ್ಚುದು ಅಂತ ಬಾಯಿ ಬಿಡಬೇಡ. ಬಿಚ್ಚುವ ಕಟ್ಟಕ್ಕೆ ಯಾರು ನೆರವು ಕೊಡ್ತಾರೆ? ನಿನ್ನ ಕೆಲಸ ಖಾಯಂ ಆಗುದು ಬೇಡ್ವಾ?"

ಇದರಲ್ಲಿ ಮುಖ್ಯವಾದದ್ದು ಏನೆಂದು ಶಿಕ್ಷಕರು ತೋಡಿನಲ್ಲೇ ನಿಂತು ಕೇಳಿದರು. ನೀವು ಹೇಳಿದಿರಿ: "ಕಟ್ಟುದು ಎಂತ ದೊಡ್ಡದಲ್ಲ, ಹತ್ತು ಮನೆಯವರು ಸೇರಿದ್ರೆ ಎರಡು ದಿನ. ಮಳೆಗೆ ಮೊದಲು, ಪತ್ತನಾಜೆಯ ದಿನದೊಳಗೆ, ಬಿಚ್ಚಲೇಬೇಕು. ಇಲ್ಲದಿದ್ರೆ ತೋಡು ಗದ್ದೆಗೆ ನುಗ್ತದೆ. ಅದನ್ನು ಅವರಿಗೆ ಸರಿ ಹೇಳು."

ನಾನು ಹೇಳಿದ್ದು — ಹತ್ತು ಮನೆಯವರು ಸೇರಿದರೆ ಎರಡು ದಿನದ ಕೆಲಸವಂತೆ. ಅಷ್ಟೇ. ಸರಿ ಹೇಳಿದೆನೆಂದು ನಂಬಿ ನೀವು ತಲೆಯಾಡಿಸಿದಿರಿ. ಶಿಕ್ಷಕರೂ ತಲೆಯಾಡಿಸಿ, ಬರೆದುಕೊಂಡರು.

ನನ್ನ ಕೆಲಸ ಖಾಯಂ ಆಯಿತು.

ಎರಡು ವರ್ಷಗಳ ತರುವಾಯ ಆ ಶಿಕ್ಷಕರ ಪತ್ರ ಬಂತು. ನೆರವಿನ ಯೋಜನೆಯಲ್ಲಿ ಅವರ ಊರಿನ ಹೊಳೆಗೆ ಸಿಮೆಂಟಿನ ಕಟ್ಟ ಹಾಕಿದ್ದರಂತೆ. ಬಿಚ್ಚುವಂತಿಲ್ಲ. ಮೊದಲ ಮಳೆಗೇ ಹೊಳೆ ದಂಡೆ ಕೊರೆದು, ಹೆಂಗಸರು ಮಾಡಿದ್ದ ತರಕಾರಿ ಗದ್ದೆಗಳೆಲ್ಲ ಮರಳಿನಡಿ ಸೇರಿದ್ದವು. "ಮಳೆಗಾಲದಲ್ಲಿ ನಿಮ್ಮ ಹಿರಿಯರು ಏನು ಮಾಡುತ್ತಾರೆ? ದಯವಿಟ್ಟು ಕೇಳಿ ತಿಳಿಸಿ" ಎಂದು ಬರೆದಿದ್ದರು. ಸುಳ್ಯದ ಕಚೇರಿಯಿಂದ ನಿಮ್ಮ ಮನೆಗೆ ಎಷ್ಟು ಮಹಾ ದೂರ? ಕೇಳುವ ಅಗತ್ಯವೂ ನನಗಿರಲಿಲ್ಲ, ಉತ್ತರ ಗೊತ್ತೇ ಇತ್ತು — ಆದರೂ ಪತ್ರವನ್ನು ಕಡತಕ್ಕೆ ಸೇರಿಸಿಬಿಟ್ಟೆ.

ಈಚೆಗೆ ಆ ಸರ್ಕಾರದ ಹೊಸ ಯೋಜನಾ ಪುಸ್ತಕ ಕಚೇರಿಗೆ ಬಂದಿದೆ. ಆಫ್ರಿಕಾದಲ್ಲಿ ಕಟ್ಟಗಳು ವಿಫಲವಾದದ್ದಕ್ಕೆ ಸ್ಥಳೀಯರ ಅಜ್ಞಾನವೇ ಕಾರಣವಂತೆ! ಯಾರ ಅಜ್ಞಾನ? ಕಲ್ಲು ಹೊತ್ತವರದ್ದೋ? ತೋಡಿಗಿಳಿದು ಕೇಳಿದವರದ್ದೋ? ದಂಡೆಯಿಂದ ಕೆಳಗಿಳಿಯದೆ ಒಂದು ಖಂಡದ ಹೊಳೆಗಳಿಗೆಲ್ಲ ನಕ್ಷೆ ಬರೆದವರಿಗೆ, ಮಳೆ ಬಂದರೆ ಹೇಗೆಂದು ಕೇಳಲು ಬಾಯಿ ಇರಲಿಲ್ಲವೇ? ಓದಿ ಮೈ ಉರಿಯಿತು. ಆದರೆ ಉತ್ತರ ಗೊತ್ತಿದ್ದೂ ನುಂಗಿದವನು ನಾನು — ಸಾಹೇಬರ ಮೇಲೆ ಹಾಕಿ ಪಾರಾಗಲಾರೆ. ನಾಲಗೆ ನನ್ನದಾಗಿತ್ತು.

ಆ ಶಿಕ್ಷಕರಿಗೂ ಆ ಸರ್ಕಾರಕ್ಕೂ ನಡೆದದ್ದನ್ನೆಲ್ಲ ಬರೆದಿದ್ದೇನೆ. ಕನ್ನಡ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ನಿಮ್ಮ ಮಾತು ಪೂರ್ತಿ ಬಂದಿದೆಯೇ ಎಂದು ಮಗಳಿಂದ ಓದಿಸಿ ಕೇಳಿ. ತಪ್ಪು ಕಂಡುಬಂದಲ್ಲಿ ದಯವಿಟ್ಟು ತಿದ್ದಿ ಕಳುಹಿಸಿ. ನೀವು ತಿದ್ದುವ ತನಕ ನಾನು ಆ ಎರಡು ಪತ್ರಗಳ ಲಕೋಟೆ ಅಂಟಿಸುವುದಿಲ್ಲ.